ಎನ್‌ಎಚ್‌ಎಸ್ ಗಣಕೀಕರಣದ ಕಥೆ: ಒಂದು ರಾಷ್ಟ್ರೀಯ ಯೋಜನೆ ಎಲ್ಲಿ ಎಡವಿತು, ಎಲ್ಲಿ ಗೆದ್ದಿತು



ನಮ್ಮ ಯುಗಾದಿ, ದೀಪಾವಳಿ ಕೂಟಗಳಲ್ಲಿ ಊಟದ ಹೊತ್ತಿಗೆ ಎರಡು ಗುಂಪುಗಳು ತಪ್ಪದೆ ಕಾಣುತ್ತವೆ. ಒಂದು ಡಾಕ್ಟರುಗಳದ್ದು, ಇನ್ನೊಂದು ಸಾಫ್ಟ್‌ವೇರ್‌ನವರದ್ದು. ಬಿಸಿಬೇಳೆಬಾತ್ ಮುಗಿಯುವಷ್ಟರಲ್ಲಿ ಎರಡೂ ಗುಂಪುಗಳ ಮಾತು ಒಂದೇ ಕಡೆಗೆ ತಿರುಗುತ್ತದೆ. "ಈ ಪ್ರೋಗ್ರಾಮ್ ಬರೆದವರು ಒಂದು ದಿನವಾದರೂ ವಾರ್ಡಿಗೆ ಬಂದಿದ್ದಾರಾ?" ಎಂದು ಡಾಕ್ಟರುಗಳು ಕೇಳುತ್ತಾರೆ. "ಏನು ಬೇಕು ಅಂತ ನೀವೆಲ್ಲ ಒಂದು ಸಲವಾದರೂ ಒಂದೇ ಮಾತು ಹೇಳಿದ್ದೀರಾ?" ಎಂದು ಸಾಫ್ಟ್‌ವೇರ್‌ನವರು ತಿರುಗಿ ಕೇಳುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ಇಂಗ್ಲೆಂಡಿನ ಸರಕಾರ 2002ರಲ್ಲಿ ಕೈಗೆತ್ತಿಕೊಂಡು 2011ರಲ್ಲಿ ಕೈಬಿಟ್ಟ ಬೃಹತ್ ಆರೋಗ್ಯ ಮಾಹಿತಿ ಯೋಜನೆಯ ಕಥೆಯೆಲ್ಲ ಈ ಎರಡು ಪ್ರಶ್ನೆಗಳ ನಡುವೆಯೇ ಇದೆ.

ಈ ಹಳೆಯ ಕಥೆ ಈಗೇಕೆ ಎಂದು ನೀವು ಕೇಳಬಹುದು. ಎರಡು ಕಾರಣಗಳಿವೆ. 2025ರ ಜುಲೈನಲ್ಲಿ ಪ್ರಕಟವಾದ ಇಲ್ಲಿನ ಹತ್ತು ವರ್ಷಗಳ ಆರೋಗ್ಯ ಯೋಜನೆಯಲ್ಲಿ 'ಒಬ್ಬ ರೋಗಿಗೆ ಒಂದೇ ದಾಖಲೆ' ಎಂಬ ಮಾತು ಮತ್ತೆ ಬಂದಿದೆ. ಅತ್ತ ಭಾರತದಲ್ಲೂ ರಾಷ್ಟ್ರಮಟ್ಟದ ಡಿಜಿಟಲ್ ಆರೋಗ್ಯ ಯೋಜನೆ ನಡೆಯುತ್ತಿದೆ. ಊರಿನಲ್ಲಿರುವ ನಮ್ಮ ತಂದೆತಾಯಿಯರ ಹೆಸರು ಒಂದರಲ್ಲಿ, ನಮ್ಮ ಮತ್ತು ನಮ್ಮ ಮಕ್ಕಳ ಹೆಸರು ಇನ್ನೊಂದರಲ್ಲಿ. ಆದ್ದರಿಂದ ಹಿಂದೆ ಏನಾಯಿತು ಎಂದು ನಾವೆಲ್ಲ ತಿಳಿದಿರುವುದು ಒಳ್ಳೆಯದು.

ಯೋಜನೆಗೆ ಮೊದಲು

ಎನ್‌ಎಚ್‌ಎಸ್‌ಗೆ ಕಂಪ್ಯೂಟರ್ ಬಂದದ್ದು 2002ರಲ್ಲಿ ಅಲ್ಲ. ನಮ್ಮ ಮನೆಯ ಹತ್ತಿರದ ಜಿಪಿ ಡಾಕ್ಟರುಗಳು 1990ರ ದಶಕದಲ್ಲೇ ಬಹುಮಟ್ಟಿಗೆ ಕಂಪ್ಯೂಟರಿಗೆ ಬಂದಿದ್ದರು. ಜಿಪಿ ಸರ್ಜರಿ ಎಂದರೆ ಚಿಕ್ಕ ಅಂಗಡಿಯಂತೆ. ನಾಲ್ಕೈದು ಡಾಕ್ಟರು, ಒಬ್ಬ ಮ್ಯಾನೇಜರ್. ಯಾವ ತಂತ್ರಾಂಶ ಬೇಕೆಂದು ಅವರೇ ನೋಡಿ ಆರಿಸುತ್ತಿದ್ದರು. ಮೊದಮೊದಲಿನ ತಂತ್ರಾಂಶಗಳಲ್ಲಿ ಹಲವನ್ನು ಬರೆಯುವುದರಲ್ಲಿ ಜಿಪಿಗಳ ಕೈಯೇ ಇತ್ತು. ರಿಪೀಟ್ ಪ್ರಿಸ್ಕ್ರಿಪ್ಷನ್ ಅಚ್ಚುಹಾಕುವ ಕೆಲಸ ಒಂದೇ ದಿನಕ್ಕೆ ಎಷ್ಟೋ ಹೊತ್ತು ಉಳಿಸುತ್ತಿತ್ತು. ಲಾಭ ಕಣ್ಣಿಗೆ ಕಂಡದ್ದರಿಂದ ಯಾರೂ ಒತ್ತಾಯಿಸಬೇಕಾಗಲಿಲ್ಲ.

ಆಸ್ಪತ್ರೆಗಳ ಸ್ಥಿತಿ ಬೇರೆ. ರಕ್ತಪರೀಕ್ಷೆಗೆ ಒಂದು ಕಂಪ್ಯೂಟರ್, ಹೊರರೋಗಿಗಳ ಅಪಾಯಿಂಟ್‌ಮೆಂಟಿಗೆ ಇನ್ನೊಂದು, ರೋಗಿಯ ಕಥೆಯೆಲ್ಲ ದಪ್ಪ ಕಾಗದದ ಫೈಲಿನಲ್ಲಿ. ಆ ಫೈಲು ಬೇಸ್‌ಮೆಂಟಿನಲ್ಲಿದೆಯೋ, ಕನ್ಸಲ್ಟಂಟರ ಕಾರಿನ ಹಿಂದಿನ ಸೀಟಿನಲ್ಲಿದೆಯೋ ಯಾರಿಗೂ ಗೊತ್ತಿರುತ್ತಿರಲಿಲ್ಲ. ಆ ಕಾಲದಲ್ಲಿ ಜೂನಿಯರ್ ಡಾಕ್ಟರಾಗಿದ್ದ ನಮ್ಮ ಸದಸ್ಯರು ಎಕ್ಸ್‌ರೇ ಹುಡುಕುತ್ತಾ ರಾತ್ರಿ ಪಾಳಿ ಕಳೆದ ಕಥೆಗಳನ್ನು ಇಂದಿಗೂ ಹೇಳುತ್ತಾರೆ.

ಸರಿಪಡಿಸುವ ಪ್ರಯತ್ನಗಳು ಆಗಿದ್ದವು. ವೆಸೆಕ್ಸ್ ಪ್ರಾಂತ್ಯದಲ್ಲಿ 1980ರ ದಶಕದಲ್ಲಿ ಶುರುವಾದ ಒಂದು ದೊಡ್ಡ ಯೋಜನೆಯನ್ನು 1990ರಲ್ಲಿ ನಷ್ಟದೊಂದಿಗೆ ಕೈಬಿಡಲಾಯಿತು. 1998ರಲ್ಲಿ ಪ್ರಕಟವಾದ ರಾಷ್ಟ್ರೀಯ ಕಾರ್ಯನೀತಿ ಪ್ರತಿ ಆಸ್ಪತ್ರೆಗೂ ವಿದ್ಯುನ್ಮಾನ ದಾಖಲೆ ಬೇಕೆಂದಿತು. ಆದರೆ ಅದಕ್ಕೆಂದು ಕೊಟ್ಟ ಹಣವನ್ನು ಆಸ್ಪತ್ರೆಗಳು ಬೇರೆ ತುರ್ತು ಖರ್ಚುಗಳಿಗೆ ಬಳಸಿಕೊಂಡವು. ಹಾಸಿಗೆ ಸಾಲದೆ ರೋಗಿಗಳು ಕಾಯುತ್ತಿರುವಾಗ ಕಂಪ್ಯೂಟರಿಗೆ ಹಣ ಎತ್ತಿಡುವ ಮ್ಯಾನೇಜರ್ ಎಲ್ಲಿ ಸಿಗುತ್ತಾನೆ? 2002ರ ಏಪ್ರಿಲ್‌ನಲ್ಲಿ ಬಂದ ಡೆರೆಕ್ ವಾನ್‌ಲೆಸ್ ಅವರ ವರದಿ, ಐಟಿಯ ಮೇಲಿನ ವೆಚ್ಚವನ್ನು ದುಪ್ಪಟ್ಟು ಮಾಡಬೇಕು, ಆ ಹಣವನ್ನು ಬೇರೆ ಯಾವುದಕ್ಕೂ ಮುಟ್ಟದಂತೆ ಕಟ್ಟಿಡಬೇಕು ಎಂದು ಹೇಳಿತು. ಎಲ್ಲವನ್ನೂ ಕೇಂದ್ರದಿಂದಲೇ ನಡೆಸಬೇಕು ಎಂಬ ವಿಚಾರಕ್ಕೆ ಬಲ ಬಂದದ್ದು ಹೀಗೆ. ಅದು ಮೂರ್ಖತನದಿಂದ ಹುಟ್ಟಿದ್ದಲ್ಲ. ಹಿಂದಿನ ಸೋಲಿಗೆ ಕಂಡುಕೊಂಡ ಮದ್ದು ಅದು.

ಯೋಜನೆಯ ರೂಪ

2002ರಲ್ಲಿ, ಟೋನಿ ಬ್ಲೇರ್ ಪ್ರಧಾನಿಯಾಗಿದ್ದಾಗ, 'ನ್ಯಾಷನಲ್ ಪ್ರೋಗ್ರಾಮ್ ಫಾರ್ ಐಟಿ' ಘೋಷಣೆಯಾಯಿತು. ಆರಂಭದಲ್ಲಿ ಮೂರು ವರ್ಷಕ್ಕೆ 2.3 ಬಿಲಿಯನ್ ಪೌಂಡ್, ಅಂದರೆ 230 ಕೋಟಿ ಪೌಂಡ್ ಎಂದಿದ್ದರು. 2006ರ ಜೂನ್‌ನಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಲೆಕ್ಕ ಹಾಕಿದಾಗ ಹತ್ತು ವರ್ಷದ ಅಂದಾಜು 12.4 ಬಿಲಿಯನ್ ಪೌಂಡ್, ಅಂದರೆ 1,240 ಕೋಟಿಗೆ ಏರಿತ್ತು. ಜಗತ್ತಿನ ಅತಿ ದೊಡ್ಡ ನಾಗರಿಕ ಐಟಿ ಯೋಜನೆ ಎಂದು ಅದನ್ನು ಆಗ ಕರೆಯುತ್ತಿದ್ದರು. ಇದು ಇಂಗ್ಲೆಂಡಿಗೆ ಮಾತ್ರ ಸೇರಿದ್ದು. ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್ ತಮ್ಮ ದಾರಿ ತಾವು ಹಿಡಿದವು.

ಯೋಜನೆಯ ಮುಖ್ಯ ಭಾಗಗಳು ಇವು:

ಎನ್3: ಎಲ್ಲ ಆಸ್ಪತ್ರೆ, ಸರ್ಜರಿಗಳನ್ನು ಜೋಡಿಸುವ ವೇಗದ ಜಾಲ.

ಸ್ಪೈನ್: ಹೆಸರೇ ಹೇಳುವಂತೆ ಬೆನ್ನೆಲುಬು. ಯಾರು ಯಾವ ರೋಗಿ, ಅವರ ಎನ್‌ಎಚ್‌ಎಸ್ ಸಂಖ್ಯೆ ಯಾವುದು, ಯಾವ ಸಿಬ್ಬಂದಿ ಏನನ್ನು ನೋಡಬಹುದು ಎಂದು ಹೇಳುವ ಕೇಂದ್ರ ವ್ಯವಸ್ಥೆ.

ಚೂಸ್ ಅಂಡ್ ಬುಕ್: ಜಿಪಿಯ ಕೋಣೆಯಲ್ಲೇ ಕುಳಿತು ಆಸ್ಪತ್ರೆ ಆರಿಸಿ ಅಪಾಯಿಂಟ್‌ಮೆಂಟ್ ಪಡೆಯುವುದು.

ವಿದ್ಯುನ್ಮಾನ ಔಷಧ ಚೀಟಿ: ಕಾಗದದ ಬದಲು ನೇರವಾಗಿ ಫಾರ್ಮಸಿಗೆ.

ಪ್ಯಾಕ್ಸ್: ಎಕ್ಸ್‌ರೇ, ಸ್ಕ್ಯಾನ್‌ಗಳನ್ನು ಫಿಲ್ಮ್ ಇಲ್ಲದೆ ಪರದೆಯ ಮೇಲೆ ನೋಡುವುದು. ಇದನ್ನು 2004ರಲ್ಲಿ ಸೇರಿಸಲಾಯಿತು.

ಆರೋಗ್ಯ ದಾಖಲೆ: ಇದೇ ಹೃದಯ. ಇಂಗ್ಲೆಂಡಿನ ಸುಮಾರು 5 ಕೋಟಿ ಜನರಿಗೆ ಒಂದು ಚಿಕ್ಕ ರಾಷ್ಟ್ರೀಯ ಸಾರಾಂಶ, ಅದರ ಜೊತೆಗೆ ಆಸ್ಪತ್ರೆಗಳಲ್ಲಿ ವಿವರವಾದ ದಾಖಲೆ.

ಕೂಸು ಹುಟ್ಟುವ ಮುನ್ನ ಕುಲಾವಿ

ಯೋಜನೆಯ ಮುಖ್ಯಸ್ಥರಾಗಿ ನೇಮಕಗೊಂಡ ರಿಚರ್ಡ್ ಗ್ರೇಂಜರ್ ಬಿರುಸಿನ ಮನುಷ್ಯ. ಸರಕಾರಿ ಐಟಿ ಗುತ್ತಿಗೆಗಳು ವರ್ಷಗಟ್ಟಲೆ ಎಳೆಯುವುದು ವಾಡಿಕೆಯಾಗಿದ್ದ ಕಾಲದಲ್ಲಿ ಅವರು ಸುಮಾರು ಒಂದು ವರ್ಷದಲ್ಲಿ 6.2 ಬಿಲಿಯನ್ ಪೌಂಡಿನಷ್ಟು (620 ಕೋಟಿ) ಗುತ್ತಿಗೆಗಳಿಗೆ ಸಹಿ ಹಾಕಿಸಿದರು. ಇಂಗ್ಲೆಂಡನ್ನು ಐದು ವಲಯ ಮಾಡಲಾಯಿತು. ಲಂಡನ್ ಬಿಟಿಗೆ, ದಕ್ಷಿಣ ಫುಜಿತ್ಸುಗೆ, ವಾಯವ್ಯ ಮತ್ತು ವೆಸ್ಟ್ ಮಿಡ್‌ಲೆಂಡ್ಸ್ ಸಿಎಸ್‌ಸಿಗೆ, ಉಳಿದ ಎರಡು ವಲಯಗಳು ಆಕ್ಸೆಂಚರ್‌ಗೆ. ಕೆಲಸ ಮುಗಿಸಿ ಕೊಟ್ಟ ಮೇಲೆಯೇ ಹಣ ಎಂಬುದು ಕರಾರು. ತೆರಿಗೆದಾರರ ದೃಷ್ಟಿಯಿಂದ ಇದು ಜಾಣತನವೇ. ಇದರಿಂದ ಸ್ವಲ್ಪ ಹಣ ಉಳಿಯಿತು ಎಂದು ಲೆಕ್ಕಪರಿಶೋಧಕರೂ ಒಪ್ಪಿದ್ದಾರೆ.

ಆದರೆ ನಮ್ಮಲ್ಲಿ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಎನ್ನುತ್ತಾರಲ್ಲ, ಹಾಗಾಯಿತು. ಐದರಲ್ಲಿ ಮೂರು ವಲಯಗಳು ನಂಬಿಕೊಂಡಿದ್ದ ಐಸಾಫ್ಟ್ ಕಂಪನಿಯ 'ಲೊರೆಂಜೊ' ಎಂಬ ತಂತ್ರಾಂಶ ಆಗಿನ್ನೂ ಸಿದ್ಧವಾಗಿರಲಿಲ್ಲ. ಅದರ ಕೆಲಸದ ದೊಡ್ಡ ಪಾಲು ಚೆನ್ನೈನಲ್ಲಿ ನಡೆಯುತ್ತಿತ್ತು. ಅಲ್ಲಿ ಕುಳಿತು ಬರೆಯುತ್ತಿದ್ದವರಿಗೆ ಇಂಗ್ಲೆಂಡಿನ ಆಸ್ಪತ್ರೆಯ ವಾರ್ಡು ಹೇಗಿರುತ್ತದೆಂದು ಕಾಗದದ ಮೇಲಿನ ವಿವರಣೆಯಿಂದಷ್ಟೇ ತಿಳಿಯಬೇಕಿತ್ತು. ತಪ್ಪು ಅವರದ್ದು ಎನ್ನಲಾಗದು. ಆ ವಿವರಣೆ ತಿಂಗಳಿಗೊಮ್ಮೆ ಬದಲಾಗುತ್ತಿದ್ದರೆ ಯಾರು ತಾನೇ ಏನು ಮಾಡಿಯಾರು? ಲೊರೆಂಜೊ ಒಂದು ದೊಡ್ಡ ಆಸ್ಪತ್ರೆ ಸಮೂಹದಲ್ಲಿ, ಮೋರ್‌ಕಮ್ ಬೇನಲ್ಲಿ, ಚಾಲನೆಗೆ ಬಂದದ್ದು 2010ರ ಜೂನ್‌ನಲ್ಲಿ. ಅಷ್ಟು ಹೊತ್ತಿಗೆ ಯೋಜನೆ ಘೋಷಣೆಯಾಗಿ ಎಂಟು ವರ್ಷ ಕಳೆದಿತ್ತು.

ಲಂಡನ್ ಮತ್ತು ದಕ್ಷಿಣದಲ್ಲಿ ಮೊದಲು ಆರಿಸಿದ್ದ ತಂತ್ರಾಂಶವನ್ನು ಬಿಟ್ಟು ಅಮೆರಿಕದ ಸರ್ನರ್ ಕಂಪನಿಯ 'ಮಿಲೇನಿಯಂ' ತಂದರು. ಅದು ಕೆಲಸ ಮಾಡುವ ತಂತ್ರಾಂಶವೇ. ಆದರೆ ಅಮೆರಿಕದ ಆಸ್ಪತ್ರೆಯ ರೀತಿನೀತಿಗೆ, ಅಲ್ಲಿನ ಬಿಲ್ಲಿನ ಲೆಕ್ಕಕ್ಕೆ ಹೊಂದಿಸಿ ಮಾಡಿದ್ದು. ಇಲ್ಲಿನ ಕಾಯುವ ಪಟ್ಟಿ, ಇಲ್ಲಿನ ಗುರಿಗಳ ಲೆಕ್ಕ ಅದಕ್ಕೆ ಗೊತ್ತಿರಲಿಲ್ಲ. ಅಪಾಯಿಂಟ್‌ಮೆಂಟ್‌ಗಳು ಕಳೆದುಹೋದವು, ಪಟ್ಟಿಗಳು ಏರುಪೇರಾದವು. ಕುತೂಹಲದ ಸಂಗತಿಯೆಂದರೆ, ಪೂರ್ವ ಲಂಡನ್ನಿನ ಹೋಮರ್ಟನ್ ಮತ್ತು ನ್ಯೂಹ್ಯಾಮ್ ಆಸ್ಪತ್ರೆಗಳು ಇದೇ ಮಿಲೇನಿಯಂ ತಂತ್ರಾಂಶವನ್ನು ರಾಷ್ಟ್ರೀಯ ಯೋಜನೆಯ ಹೊರಗೆ ತಾವೇ ನೋಡಿ ಕೊಂಡಿದ್ದವು. ಕಂಪನಿಯೂ ಅದೇ, ತಂತ್ರಾಂಶವೂ ಅದೇ. ತಾವೇ ಆರಿಸಿಕೊಂಡದ್ದಕ್ಕೂ ಮೇಲಿನಿಂದ ಬಂದದ್ದಕ್ಕೂ ಇರುವ ಅಂತರ ದೊಡ್ಡದು.

ಕಂಪನಿಗಳೂ ಸುಸ್ತಾದವು. ಆಕ್ಸೆಂಚರ್ 2006ರ ಮಾರ್ಚ್‌ನಲ್ಲಿ ಈ ಗುತ್ತಿಗೆಯ ನಷ್ಟಕ್ಕೆಂದು 45 ಕೋಟಿ ಡಾಲರ್ ಎತ್ತಿಟ್ಟು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತನ್ನ ವಲಯಗಳನ್ನು ಸಿಎಸ್‌ಸಿಗೆ ಬಿಟ್ಟುಕೊಡಲು ಒಪ್ಪಿತು. ಫುಜಿತ್ಸು ಜೊತೆಗಿನ ಗುತ್ತಿಗೆ 2008ರ ಮೇನಲ್ಲಿ ಮುರಿದುಬಿತ್ತು. ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ನಾಲ್ವರು ಗುತ್ತಿಗೆದಾರರಲ್ಲಿ ಉಳಿದವರು ಇಬ್ಬರೇ. ಇಬ್ಬರೇ ಉಳಿದರೆ ಚೌಕಾಸಿಯಲ್ಲಿ ಸರಕಾರದ ಕೈ ಮೇಲಾಗುವುದಾದರೂ ಹೇಗೆ?

ವಾರ್ಡಿನಲ್ಲಿ ನಡೆದದ್ದು

ಲಂಡನ್ನಿನ ಕಚೇರಿಯಿಂದ ನೋಡಿದರೆ ಎಲ್ಲ ಆಸ್ಪತ್ರೆಗಳೂ ಒಂದೇ. ಒಳಗೆ ಹೋದರೆ ಹೆರಿಗೆ ವಾರ್ಡಿನ ಕೆಲಸದ ಓಟವೇ ಬೇರೆ, ತುರ್ತು ವಿಭಾಗದ್ದೇ ಬೇರೆ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದರೆ ಒಬ್ಬರಿಗೆ ಬಿಗಿ, ಇನ್ನೊಬ್ಬರಿಗೆ ಸಡಿಲ.

ಒಂದು ಉದಾಹರಣೆ ಸಾಕು. ಯಾರು ಯಾವ ದಾಖಲೆ ನೋಡಿದರು ಎಂದು ಗೊತ್ತಾಗಲೆಂದು ಪ್ರತಿ ಸಿಬ್ಬಂದಿಗೂ ಪಿನ್ ಇರುವ ಸ್ಮಾರ್ಟ್‌ಕಾರ್ಡ್ ಕೊಟ್ಟರು. ವಿಚಾರ ಸರಿಯಾದದ್ದೇ. ಆದರೆ ಲಾಗಿನ್ ಆಗಲು ಒಂದು ನಿಮಿಷಕ್ಕೂ ಮೇಲೆ ಹಿಡಿಯುತ್ತಿತ್ತು. ತುರ್ತು ವಿಭಾಗದ ಡಾಕ್ಟರು ಗಂಟೆಗೆ ಹತ್ತಾರು ಸಲ ಬೇರೆ ಬೇರೆ ಕಂಪ್ಯೂಟರಿನ ಮುಂದೆ ನಿಲ್ಲಬೇಕು. 2007ರ ಹೊತ್ತಿಗೆ ಒಂದು ಆಸ್ಪತ್ರೆಯಲ್ಲಿ ಪಾಳಿಯ ಆರಂಭದಲ್ಲಿ ಒಬ್ಬರ ಕಾರ್ಡು ಹಾಕಿ, ಎಲ್ಲರೂ ಅದರಲ್ಲೇ ಕೆಲಸ ಮಾಡುವ ಪದ್ಧತಿಗೆ ಆಡಳಿತವೇ ಒಪ್ಪಿತು. ಗುಟ್ಟು ಕಾಪಾಡಲು ಮಾಡಿದ ಬೀಗ ನಿಧಾನವಾಗಿದ್ದರಿಂದಲೇ ಬಾಗಿಲು ತೆರೆದಿಟ್ಟಂತಾಯಿತು. ಕಾಯುತ್ತಿರುವ ರೋಗಿಯನ್ನು ಎದುರಿಗಿಟ್ಟುಕೊಂಡು ಯಾವ ಡಾಕ್ಟರೂ ಪರದೆಯ ಮೇಲೆ ಸುತ್ತುವ ಮರಳುಗಡಿಯಾರ ನೋಡುತ್ತಾ ಕೂರುವುದಿಲ್ಲ.

ನಮ್ಮ ಸದಸ್ಯರಾದ ಡಾಕ್ಟರೊಬ್ಬರು ಹೇಳಿದ ಮಾತು ನೆನಪಾಗುತ್ತದೆ: "ನಮ್ಮನ್ನು ತರಬೇತಿಗೆ ಕರೆದರು, ಆದರೆ ಸಲಹೆಗೆ ಕರೆಯಲಿಲ್ಲ." ಅವರು ಕೆಲಸ ಮಾಡುತ್ತಿದ್ದ ಕಡೆ ಹೊಸ ವ್ಯವಸ್ಥೆ ಚಾಲನೆಗೆ ಬಂದ ವಾರ, ವಾರ್ಡಿನ ನರ್ಸುಗಳು ಒಂದು ನೋಟ್‌ಬುಕ್ ಇಟ್ಟುಕೊಂಡು ಎಲ್ಲವನ್ನೂ ಮತ್ತೆ ಕೈಯಲ್ಲಿ ಬರೆದಿಟ್ಟರಂತೆ. ತಿಂಗಳುಗಳ ಕಾಲ ಆ ನೋಟ್‌ಬುಕ್ಕೇ ನಿಜವಾದ ದಾಖಲೆಯಾಗಿತ್ತು.

2006ರ ಏಪ್ರಿಲ್‌ನಲ್ಲಿ ಕಂಪ್ಯೂಟರ್ ವಿಜ್ಞಾನದ 23 ಪ್ರಾಧ್ಯಾಪಕರು ಸಂಸತ್ತಿನ ಆರೋಗ್ಯ ಸಮಿತಿಗೆ ಬಹಿರಂಗ ಪತ್ರ ಬರೆದು, ಯೋಜನೆಯ ತಾಂತ್ರಿಕ ವಿನ್ಯಾಸವನ್ನು ಹೊರಗಿನ ತಜ್ಞರಿಂದ ಪರಿಶೀಲಿಸಬೇಕು ಎಂದು ಕೇಳಿದರು. ಅವರಲ್ಲಿ ಕೇಂಬ್ರಿಜ್‌ನ ರಾಸ್ ಆಂಡರ್ಸನ್ ಒಬ್ಬರು. ಅವರು ಕೇಳಿದಂಥ ಸ್ವತಂತ್ರ ಪರಿಶೀಲನೆ ಆಗ ನಡೆಯಲಿಲ್ಲ.

ಒಪ್ಪಿಗೆಯ ಪ್ರಶ್ನೆ

ಇನ್ನೊಂದು ತೊಡಕು ಗುಟ್ಟಿನದು. ಡಾಕ್ಟರ ಮುಂದೆ ಹೇಳಿದ್ದನ್ನು ನಾವು ಸ್ವಂತ ಅಣ್ಣತಮ್ಮಂದಿರ ಹತ್ತಿರವೂ ಹೇಳುವುದಿಲ್ಲ. ಅದನ್ನು ರಾಷ್ಟ್ರೀಯ ದಾಖಲೆಗೆ ಏರಿಸಲು ಯಾರ ಅಪ್ಪಣೆ ಬೇಕು? ಬೇಡವೆನ್ನದಿದ್ದರೆ ಒಪ್ಪಿಗೆ ಇದೆ ಎಂದೇ ಅರ್ಥ ಎಂದು ಸರಕಾರ ತಿಳಿಯಿತು. 2007ರಲ್ಲಿ ಬೋಲ್ಟನ್‌ನಲ್ಲಿ 'ಸಮ್ಮರಿ ಕೇರ್ ರೆಕಾರ್ಡ್' ಪ್ರಯೋಗ ಆರಂಭವಾಯಿತು. ಜಿಪಿಗಳ ಸಂಘಟನೆ ಆಕ್ಷೇಪಿಸಿತು. 2010ರಲ್ಲಿ ಪ್ರೊಫೆಸರ್ ಟ್ರಿಶಾ ಗ್ರೀನ್‌ಹಾಲ್ಗ್ ಅವರ ನೇತೃತ್ವದ ಅಧ್ಯಯನ, ನಿರೀಕ್ಷಿಸಿದ ಲಾಭಗಳು ಕಡಿಮೆ ಕಾಣುತ್ತಿವೆ, ದಾಖಲೆ ಇದ್ದಾಗಲೂ ಎಷ್ಟೋ ಸಲ ಅದನ್ನು ತೆರೆಯುತ್ತಿಲ್ಲ ಎಂದು ತೋರಿಸಿತು.

ಸ್ಕಾಟ್ಲೆಂಡ್ ಇದೇ ಸಮಸ್ಯೆಯನ್ನು ಬೇರೆ ರೀತಿ ಬಿಡಿಸಿತು. ಅಲ್ಲಿನ 'ಎಮರ್ಜೆನ್ಸಿ ಕೇರ್ ಸಮ್ಮರಿ'ಯಲ್ಲಿ ಇದ್ದದ್ದು ಹೆಸರು, ವಿಳಾಸದ ಜೊತೆಗೆ ಎರಡೇ: ತೆಗೆದುಕೊಳ್ಳುತ್ತಿರುವ ಔಷಧ ಮತ್ತು ಅಲರ್ಜಿ. ಅದನ್ನು ತೆರೆಯುವ ಮುನ್ನ ಎದುರಿಗಿರುವ ರೋಗಿಯನ್ನು ಕೇಳಬೇಕು. ನಡುರಾತ್ರಿ ಬಂದ ರೋಗಿಗೆ ಪೆನಿಸಿಲಿನ್ ಆಗುತ್ತದೋ ಇಲ್ಲವೋ ಎಂಬ ಒಂದು ಪ್ರಶ್ನೆಗೆ ಅದು ಉತ್ತರ ಕೊಟ್ಟಿತು. ದೊಡ್ಡ ಗಲಾಟೆ ಇಲ್ಲದೆ 50 ಲಕ್ಷಕ್ಕೂ ಹೆಚ್ಚು ಜನ ಅದರಲ್ಲಿ ಸೇರಿದರು.

ಗೆದ್ದ ಭಾಗಗಳು

ಎಲ್ಲವೂ ನೀರಿನಲ್ಲಿ ಹೋಮವಾಯಿತು ಎನ್ನುವುದು ಅನ್ಯಾಯ. ಪ್ಯಾಕ್ಸ್ 2007ರ ಡಿಸೆಂಬರ್ ಹೊತ್ತಿಗೆ ಇಂಗ್ಲೆಂಡಿನ ಎಲ್ಲ ಆಸ್ಪತ್ರೆ ಟ್ರಸ್ಟುಗಳನ್ನೂ ತಲುಪಿತು. ಎಕ್ಸ್‌ರೇ ಹುಡುಕುವ ಆ ರಾತ್ರಿ ಪಾಳಿಗಳು ಮುಗಿದವು. ಡಾಕ್ಟರುಗಳಿಗೆ ಇದು ಮೊದಲಿನಿಂದಲೂ ಬೇಕಾಗಿತ್ತು. ಚಿತ್ರ ಚಿತ್ರವೇ, ಅದು ಲೀಡ್ಸ್‌ನಲ್ಲೂ ಒಂದೇ, ಪ್ಲಿಮತ್‌ನಲ್ಲೂ ಒಂದೇ. ಯಾರ ಕೆಲಸದ ಕ್ರಮವನ್ನೂ ಅದು ತಲೆಕೆಳಗು ಮಾಡಲಿಲ್ಲ.

ಎನ್3 ಜಾಲ ಸಿದ್ಧವಾಯಿತು. ಸ್ಪೈನ್ ನಿಂತಿತು. 2014ರಲ್ಲಿ ಅದನ್ನು ಹೊರಗುತ್ತಿಗೆಯಿಂದ ಬಿಡಿಸಿ, ಮುಕ್ತ ತಂತ್ರಾಂಶಗಳನ್ನು ಬಳಸಿ ಎನ್‌ಎಚ್‌ಎಸ್‌ನವರೇ ಹೊಸದಾಗಿ ಕಟ್ಟಿದರು. ವಿದ್ಯುನ್ಮಾನ ಔಷಧ ಚೀಟಿ ನಿಧಾನವಾಗಿ ಬೆಳೆದು ಇಂದು ಜಿಪಿಗಳ ಸಾಮಾನ್ಯ ಪದ್ಧತಿಯಾಗಿದೆ. ಚೂಸ್ ಅಂಡ್ ಬುಕ್ ತನ್ನ ಗುರಿಗಳನ್ನು ಮುಟ್ಟಲಿಲ್ಲ. 2015ರಲ್ಲಿ ಅದರ ಜಾಗಕ್ಕೆ ಇ-ರೆಫರಲ್ ಸೇವೆ ಬಂತು. ಸಮ್ಮರಿ ಕೇರ್ ರೆಕಾರ್ಡ್ ಕೂಡ ಔಷಧ, ಅಲರ್ಜಿಗಳ ಚಿಕ್ಕ ಸಾರಾಂಶವಾಗಿ ನೆಲೆಯೂರಿತು.

ಗೆದ್ದದ್ದನ್ನೂ ಸೋತದ್ದನ್ನೂ ಎದುರುಬದುರು ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಗೆದ್ದವು ಒಂದೇ ಕೆಲಸ ಮಾಡುವಂಥವು, ಬಳಸುವವರು ಬೇಕೆಂದು ಕೇಳಿದ್ದಂಥವು. ಸೋತದ್ದು ಆಸ್ಪತ್ರೆಯ ಇಡೀ ಬದುಕನ್ನೇ ಒಂದು ಅಚ್ಚಿಗೆ ಹಾಕಲು ಹೋದ ಭಾಗ.

ಲೆಕ್ಕ ಮುಗಿಸಿದ್ದು

2011ರ ಮೇನಲ್ಲಿ ಲೆಕ್ಕಪರಿಶೋಧನಾ ಕಚೇರಿ, ಆಸ್ಪತ್ರೆ ದಾಖಲೆಗಳ ಮೇಲೆ ಅಷ್ಟರವರೆಗೆ ಖರ್ಚಾದ 2.7 ಬಿಲಿಯನ್ ಪೌಂಡಿಗೆ (270 ಕೋಟಿ) ತಕ್ಕ ಫಲ ಸಿಕ್ಕಿಲ್ಲ ಎಂದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಸರಕಾರ ಯೋಜನೆಯನ್ನು ಬಿಡಿಬಿಡಿ ಮಾಡುವುದಾಗಿ ಘೋಷಿಸಿತು. 2013ರ ಸೆಪ್ಟೆಂಬರ್‌ನಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಒಟ್ಟು ವೆಚ್ಚದ ಅಂದಾಜನ್ನು 9.8 ಬಿಲಿಯನ್ ಪೌಂಡ್ (980 ಕೋಟಿ) ಎಂದು ದಾಖಲಿಸಿತು. ಫುಜಿತ್ಸು ವ್ಯಾಜ್ಯದ ಖರ್ಚು ಅದರಲ್ಲಿ ಸೇರಿರಲಿಲ್ಲ. 2012ರ ಮಾರ್ಚ್‌ವರೆಗೆ ಸಿಕ್ಕ ಲಾಭದ ಅಂದಾಜು 3.7 ಬಿಲಿಯನ್ (370 ಕೋಟಿ).

ಆದರೂ ಮರೆವು

ಪಾಠ ಕಲಿತರೇ? ಅರ್ಧ ಕಲಿತರು ಎನ್ನಬೇಕು. 2014ರ ಜನವರಿಯಲ್ಲಿ 'ಕೇರ್ ಡಾಟಾ' ಎಂಬ ಯೋಜನೆಯ ಕರಪತ್ರ ಇಂಗ್ಲೆಂಡಿನ 2.6 ಕೋಟಿಯಷ್ಟು ಮನೆಗಳಿಗೆ ಹೋಯಿತು. ಜಿಪಿಗಳ ಮಾಹಿತಿಯನ್ನು ಸಂಶೋಧನೆಗಾಗಿ ಒಂದೆಡೆ ಸೇರಿಸುವುದು ಉದ್ದೇಶ. ಪಿಜ್ಜಾ ಅಂಗಡಿಯ ಜಾಹೀರಾತುಗಳ ನಡುವೆ ಬಂದ ಆ ಕಾಗದವನ್ನು ನಮ್ಮಲ್ಲಿ ಎಷ್ಟೋ ಮಂದಿ ನೋಡದೆಯೇ ಬಿಸಾಡಿದೆವು. ವಿಷಯ ತಿಳಿದಾಗ ಜನ ಸಿಟ್ಟಾದರು. ಫೆಬ್ರವರಿಯಲ್ಲಿ ನಿಲ್ಲಿಸಿ, 2016ರ ಜುಲೈನಲ್ಲಿ ಪೂರ್ತಿ ಮುಚ್ಚಿದರು. 2021ರ ಬೇಸಿಗೆಯಲ್ಲಿ ಹೆಚ್ಚುಕಡಿಮೆ ಅದೇ ಪ್ರಯತ್ನ ಮತ್ತೆ ನಡೆದಾಗ ಕೆಲವೇ ವಾರಗಳಲ್ಲಿ 10 ಲಕ್ಷಕ್ಕೂ ಹೆಚ್ಚು ಜನ 'ನಮ್ಮದು ಬೇಡ' ಎಂದು ಹೊರಬಂದರು. ಅದೂ ಮುಂದಕ್ಕೆ ಹೋಯಿತು.

ಕೇಂದ್ರದ ಹಿಡಿತ ಬೇಡವೆಂದು ಎಲ್ಲವನ್ನೂ ಸ್ಥಳೀಯರಿಗೇ ಬಿಟ್ಟರೆ ಸಾಕೇ? ಅದಕ್ಕೂ 2017ರ ಮೇ 12ರಂದು ಉತ್ತರ ಸಿಕ್ಕಿತು. ವಾನ್ನಾಕ್ರೈ ಎಂಬ ಕಂಪ್ಯೂಟರ್ ಪಿಡುಗು 236 ಟ್ರಸ್ಟುಗಳಲ್ಲಿ ಕನಿಷ್ಠ 80ರ ಕೆಲಸಕ್ಕೆ ಅಡ್ಡಿಯಾಯಿತು. 19,000ಕ್ಕೂ ಹೆಚ್ಚು ಅಪಾಯಿಂಟ್‌ಮೆಂಟ್‌ಗಳು ರದ್ದಾಗಿರಬಹುದೆಂದು ಅಂದಾಜು. ಸರಿಪಡಿಸುವ ತೇಪೆ ಎರಡು ತಿಂಗಳ ಹಿಂದೆಯೇ ಬಂದಿತ್ತು, ಕೇಂದ್ರದಿಂದ ಎಚ್ಚರಿಕೆಯೂ ಹೋಗಿತ್ತು. ಹಾಕಿಕೊಂಡರೋ ಇಲ್ಲವೋ ಎಂದು ನೋಡುವವರು ಇರಲಿಲ್ಲ. ಹಾಗಾಗಿ ಜಾಲ, ಗುರುತಿನ ಸಂಖ್ಯೆ, ಸುರಕ್ಷತೆ, ಮಾಹಿತಿ ಕಳಿಸುವ ಭಾಷೆ ಇಂಥವು ಕೇಂದ್ರದ ಕೆಲಸ. ವಾರ್ಡಿನಲ್ಲಿ ಪರದೆ ಹೇಗಿರಬೇಕೆಂಬುದು ವಾರ್ಡಿನವರ ಕೆಲಸ. ಈ ಗೆರೆ ಎಲ್ಲಿ ಎಳೆಯಬೇಕೆಂಬುದೇ ನಿಜವಾದ ಕಷ್ಟ.

2016ರಲ್ಲಿ ಅಮೆರಿಕದ ಡಾಕ್ಟರ್ ರಾಬರ್ಟ್ ವಾಕ್ಟರ್ ಅವರ ವರದಿಯೂ ಹೆಚ್ಚುಕಡಿಮೆ ಇದನ್ನೇ ಹೇಳಿತು. ಅವಸರ ಬೇಡ, 2020ಕ್ಕೆ ಕಾಗದರಹಿತ ಎಂಬ ಗುರಿ ಆಗದ ಮಾತು, ಐಟಿ ಬಲ್ಲ ಡಾಕ್ಟರು ನರ್ಸುಗಳನ್ನು ತಯಾರು ಮಾಡಿ ಎಂದು. 2023ರ ನವೆಂಬರ್‌ನಲ್ಲಿ ಪ್ಯಾಲಂಟಿರ್ ನೇತೃತ್ವದ ಕೂಟಕ್ಕೆ 33 ಕೋಟಿ ಪೌಂಡಿನ ಗುತ್ತಿಗೆ ಕೊಟ್ಟಾಗ, ಮತ್ತೆ ಕೇಳಿಬಂದದ್ದು ತಂತ್ರಜ್ಞಾನದ ಪ್ರಶ್ನೆಗಿಂತ ನಂಬಿಕೆಯ ಪ್ರಶ್ನೆ.

ನಮ್ಮ ಹೆಸರುಗಳ ತೊಂದರೆ

ರಾಷ್ಟ್ರೀಯ ದಾಖಲೆಗೆ ಮೊದಲು ಬೇಕಾದದ್ದು ಇವರು ಯಾರು ಎಂಬ ಉತ್ತರ. ಕನ್ನಡಿಗರು ಇಲ್ಲಿ ತುಸು ಹೆಚ್ಚೇ ತೊಡಕಿನವರು. ಇಲ್ಲಿನ ಫಾರಂ ಸರ್‌ನೇಮ್ ಕೇಳುತ್ತದೆ. ನಮ್ಮಲ್ಲಿ ಕೆಲವರಿಗೆ ಮನೆತನದ ಹೆಸರಿದೆ, ಹಲವರಿಗೆ ಇರುವುದು ಇನಿಷಿಯಲ್ ಮಾತ್ರ. ಒಂದು ಅಕ್ಷರ ಊರಿನದು, ಇನ್ನೊಂದು ತಂದೆಯದು. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಸರ್‌ನೇಮ್ ಆಗುತ್ತದೆ, ಮದುವೆಯಾದ ಮೇಲೆ ಗಂಡನ ಹೆಸರು ಬಂದು ಕೂರುತ್ತದೆ.

ನಮ್ಮ ಬಳಗದ ಒಬ್ಬರ ತಾಯಿ ಇಲ್ಲಿ ನೆಲೆಸಿದ ಹೊಸತರಲ್ಲಿ ಜಿಪಿಯಲ್ಲಿ ಒಂದು ಹೆಸರಿನಲ್ಲಿ, ಆಸ್ಪತ್ರೆಯಲ್ಲಿ ಹಿಂದುಮುಂದಾದ ಹೆಸರಿನಲ್ಲಿ ದಾಖಲಾಗಿದ್ದರು. ಎರಡು ಹೆಸರು, ಎರಡು ಫೈಲು. ಸಲ್ಫಾ ಔಷಧ ಆಗುವುದಿಲ್ಲ ಎಂಬುದು ಒಂದು ಫೈಲಿನಲ್ಲಿ ಮಾತ್ರ ಇತ್ತು. ಮಗಳು ಪಕ್ಕದಲ್ಲೇ ಇದ್ದು "ಅಮ್ಮನಿಗೆ ಅದು ಆಗಲ್ಲ" ಎಂದು ಹೇಳಿದ್ದರಿಂದ ಏನೂ ಆಗಲಿಲ್ಲ. ಅಂದು ಆ ತಾಯಿಯನ್ನು ಕಾಪಾಡಿದ್ದು ಕಂಪ್ಯೂಟರ್ ಅಲ್ಲ, ಮಗಳು. ಆದರೆ ಎಲ್ಲ ತಾಯಂದಿರ ಪಕ್ಕದಲ್ಲೂ ಮಗಳು ಇರುವುದಿಲ್ಲವಲ್ಲ. ಹತ್ತು ಅಂಕಿಯ ಎನ್‌ಎಚ್‌ಎಸ್ ಸಂಖ್ಯೆ ಇರುವುದು ಇದಕ್ಕೇ. ಇಂಥ ಯೋಜನೆ ಸೋತಾಗ ನಷ್ಟವಾಗುವುದು ಬರೀ ಹಣವಲ್ಲ ಎಂದು ನಾವು ಹೇಳುವುದೂ ಇದಕ್ಕೇ.

ಊರಿನ ಕಡೆ ನೋಡಿದರೆ

ಭಾರತದಲ್ಲಿ 2020ರ ಆಗಸ್ಟ್ 15ರಂದು ಘೋಷಣೆಯಾದ ರಾಷ್ಟ್ರೀಯ ಡಿಜಿಟಲ್ ಆರೋಗ್ಯ ಮಿಷನ್ ಮೊದಲು ಆರು ಕೇಂದ್ರಾಡಳಿತ ಪ್ರದೇಶಗಳಲ್ಲಿ ಶುರುವಾಗಿ, 2021ರ ಸೆಪ್ಟೆಂಬರ್ 27ರಂದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಹೆಸರಿನಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. 14 ಅಂಕಿಯ 'ಆಭಾ' ಸಂಖ್ಯೆ ಅದರ ಗುರುತು. ಅದರ ವಿನ್ಯಾಸದಲ್ಲಿ ಇಂಗ್ಲೆಂಡಿನ ತಪ್ಪು ಕಾಣುವುದಿಲ್ಲ. ಎಲ್ಲ ದಾಖಲೆಗಳನ್ನೂ ಒಂದೇ ಉಗ್ರಾಣಕ್ಕೆ ತುಂಬುವುದಿಲ್ಲ. ದಾಖಲೆ ಹುಟ್ಟಿದ ಆಸ್ಪತ್ರೆಯಲ್ಲೇ ಇದ್ದು, ರೋಗಿ ಒಪ್ಪಿದಾಗ ಮಾತ್ರ ಇನ್ನೊಂದೆಡೆಗೆ ಹೋಗಬೇಕು ಎಂಬುದು ನಿಯಮ. ಆಸ್ಪತ್ರೆಗಳು ತಮಗೆ ಬೇಕಾದ ತಂತ್ರಾಂಶ ಬಳಸಬಹುದು. 2022ರಿಂದ ಬಂದ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಒಪಿಡಿ ಟೋಕನ್ ಪಡೆಯುವ ವ್ಯವಸ್ಥೆ ಬೇಗ ಹರಡಿತು. ಸಾಲು ಕಡಿಮೆಯಾಗುವುದು ಎಲ್ಲರ ಕಣ್ಣಿಗೂ ಕಾಣುವ ಲಾಭ.

ಆದರೆ ವಿನ್ಯಾಸ ಚೆನ್ನಾಗಿದ್ದರೆ ಸಾಲದು. ದಿನಕ್ಕೆ ನೂರಾರು ರೋಗಿಗಳನ್ನು ನೋಡುವ ಜಿಲ್ಲಾಸ್ಪತ್ರೆಯ ಡಾಕ್ಟರು ಪ್ರತಿಯೊಬ್ಬರ ವಿವರವನ್ನೂ ಟೈಪ್ ಮಾಡಲು ಹೊತ್ತೆಲ್ಲಿ? ಕೌಂಟರಿನಲ್ಲಿ ಆಧಾರ್ ಕೇಳಿ ಆಭಾ ಮಾಡಿಸುವಾಗ, ಇದು ಕಡ್ಡಾಯವಲ್ಲ ಎಂದು ಹಳ್ಳಿಯಿಂದ ಬಂದ ಅಜ್ಜಿಗೆ ಕನ್ನಡದಲ್ಲಿ ಬಿಡಿಸಿ ಹೇಳುವವರು ಯಾರು? ಒಪ್ಪಿಗೆ ಎನ್ನುವುದು ಮೊಬೈಲಿಗೆ ಬಂದ ಒಟಿಪಿಯನ್ನು ಬೇರೆಯವರಿಗೆ ಓದಿ ಹೇಳುವುದಷ್ಟೇ ಆಗಬಾರದು. ಬೋಲ್ಟನ್‌ನಲ್ಲಿ ಎದ್ದ ಪ್ರಶ್ನೆ ಬಳ್ಳಾರಿಯಲ್ಲೂ ಅದೇ.

ನಾವು ಮಾಡಬಹುದಾದದ್ದು

ದೊಡ್ಡ ಯೋಜನೆಗಳು ನಮ್ಮ ಕೈಯಲ್ಲಿಲ್ಲ. ನಮ್ಮ ದಾಖಲೆ ಸ್ವಲ್ಪ ಮಟ್ಟಿಗೆ ನಮ್ಮ ಕೈಯಲ್ಲಿದೆ.

ಜಿಪಿ, ಆಸ್ಪತ್ರೆ ಎರಡರಲ್ಲೂ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಒಂದೇ ಕ್ರಮದಲ್ಲಿ ಇದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಜನ್ಮದಿನಾಂಕವನ್ನೂ ನೋಡಿ; ಶಾಲೆಗೆ ಸೇರಿಸುವಾಗ ಬರೆಸಿದ ತಾರೀಖು ಬೇರೆ ಇರುವ ಹಿರಿಯರು ನಮ್ಮಲ್ಲಿ ಕಡಿಮೆಯಿಲ್ಲ.

ಎನ್‌ಎಚ್‌ಎಸ್ ಆಪ್‌ನಲ್ಲಿ ನಿಮ್ಮ ಔಷಧ, ಅಲರ್ಜಿಗಳ ಪಟ್ಟಿ ಸರಿಯಿದೆಯೇ ನೋಡಿ. ತಪ್ಪಿದ್ದರೆ ಸರ್ಜರಿಗೆ ತಿಳಿಸಿ.

ಊರಿನಿಂದ ತಂದೆತಾಯಿ ಬರುವಾಗ ಅವರ ಔಷಧಗಳ ಪಟ್ಟಿಯನ್ನು ಬ್ರ್ಯಾಂಡ್ ಹೆಸರಿನ ಜೊತೆ ಮೂಲ ಔಷಧದ ಹೆಸರು, ಪ್ರಮಾಣ ಸಹಿತ ಬರೆಸಿ ತನ್ನಿ. ಊರಿನ ಬ್ರ್ಯಾಂಡು ಇಲ್ಲಿನ ಡಾಕ್ಟರಿಗೆ ಗೊತ್ತಿರುವುದಿಲ್ಲ.

ನಿಮ್ಮ ಮಾಹಿತಿ ಸಂಶೋಧನೆಗೆ ಹೋಗಬೇಕೋ ಬೇಡವೋ ಎಂಬ ಆಯ್ಕೆ ನಿಮಗಿದೆ. ಹೋಗಲಿ ಎನ್ನುವುದಕ್ಕೂ ಒಳ್ಳೆಯ ಕಾರಣಗಳಿವೆ, ಬೇಡ ಎನ್ನುವುದಕ್ಕೂ ಇವೆ. ತಿಳಿದು ನಿರ್ಧರಿಸಿ.

ಕೊನೆಯದಾಗಿ ನಮ್ಮ ಕೂಟದ ಎರಡು ಗುಂಪುಗಳಿಗೆ ಒಂದು ಮಾತು. ನಿಮ್ಮಲ್ಲಿ ಒಬ್ಬರು ವಾರ್ಡು ಬಲ್ಲವರು, ಇನ್ನೊಬ್ಬರು ಪ್ರೋಗ್ರಾಮು ಬಲ್ಲವರು. ಇಂಥ ಇಬ್ಬರು ಒಂದೇ ಮೇಜಿನ ಸುತ್ತ ಮೊದಲೇ ಕುಳಿತಿದ್ದರೆ ಇಂಗ್ಲೆಂಡಿನ ಎಷ್ಟೋ ಕೋಟಿ ಉಳಿಯುತ್ತಿತ್ತು. ಮುಂದಿನ ಕೂಟದಲ್ಲಿ ಜಗಳ ಮುಂದುವರಿಯಲಿ, ಆದರೆ ಒಂದೇ ಪಂಕ್ತಿಯಲ್ಲಿ ಕುಳಿತು.

ಎನ್‌ಎಚ್‌ಎಸ್‌ನಲ್ಲಾಗಲಿ, ಊರಿನ ಆಸ್ಪತ್ರೆಗಳಲ್ಲಾಗಲಿ ನಿಮಗಾದ ಅನುಭವಗಳನ್ನು ಬರೆದು ಕಳಿಸಿ. ಆಯ್ದವನ್ನು ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.